ಕುಡಿಯದವಳು ಕಾಪಾಡಿದ ಏಲ್

ಧಾರವಾಡದ ಹಾಲಿನ ಡೇರಿಯಲ್ಲಿ ನನ್ನದು ಮೂಗಿನ ಕೆಲಸ. ಬೆಳಿಗ್ಗೆ ಲಾರಿಗಳು ಹಳ್ಳಿಗಳಿಂದ ಹಾಲಿನ ಕ್ಯಾನು ತಂದು ಕಟ್ಟೆಯ ಮೇಲೆ ಇಳಿಸುತ್ತಿದ್ದವು. ನಾನು ಒಂದೊಂದೇ ಕ್ಯಾನಿನ ಮುಚ್ಚಳ ಎತ್ತಿ, ಬಗ್ಗಿ, ಒಳಗಿನ ಗಾಳಿಯನ್ನು ಮೂಸಿ ‘ತಗೋರಿ’ ಅಥವಾ ‘ವಾಪಸ್’ ಎನ್ನಬೇಕು. ಯಂತ್ರದ ಪರೀಕ್ಷೆಗಳೆಲ್ಲ ಆಮೇಲೆ. ಇನ್ನೆರಡು ತಾಸಿಗೆ ಹುಳಿಯಾಗುವ ಹಾಲು, ತೊಳೆದ ಸೋಪು ಉಳಿದ ಕ್ಯಾನು, ಬೆಳ್ಳುಳ್ಳಿ ಹೊಲಕ್ಕೆ ನುಗ್ಗಿದ ಎಮ್ಮೆ ಎಲ್ಲವೂ ಮುಚ್ಚಳ ತೆಗೆದ ಕ್ಷಣಕ್ಕೇ ಗೊತ್ತಾಗುತ್ತಿದ್ದವು. ಒಂಬತ್ತು ವರ್ಷ ಆ ಕೆಲಸ ಮಾಡಿದೆ. ಅದೊಂದು ವಿದ್ಯೆ ಎಂದು ಆಗ ನನಗೆ ಅನ್ನಿಸಿರಲಿಲ್ಲ. ಕೆನಡಾಕ್ಕೆ ಬಂದ ಮೇಲೆ ಬೇರೆ ಯಾರಿಗೂ ಹಾಗೆ ಅನ್ನಿಸಲಿಲ್ಲ.

ನನ್ನ ಗಂಡನಿಗೆ ಮಿಸ್ಸಿಸ್ಸಾಗಾದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಲೇಥ್ ಮಷಿನ್ನಿನ ಕೆಲಸ ಸಿಕ್ಕಿತ್ತು. ಅದೇ ಊರಿನ ಸ್ಟ್ರೀಟ್ಸ್‌ವಿಲ್‌ನಲ್ಲಿ ರೈಲು ನಿಲ್ದಾಣಕ್ಕೆ ಹತ್ತಿರ ಒಂದು ಟೌನ್‌ಹೌಸ್ ಬಾಡಿಗೆಗೆ ಹಿಡಿದೆವು. ಎರಡು ವರ್ಷದ ನಂತರ ಅತ್ತೆಯೂ ಬಂದು ನಮ್ಮ ಜೊತೆ ಉಳಿದರು. ಮಗಳು ಇಲ್ಲಿಯೇ ಶಾಲೆ ಸೇರಿ, ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿಯಾದಳು. ನಾನು ಲ್ಯಾಬುಗಳಿಗೆ ಅರ್ಜಿ ಹಾಕಿ ಹಾಕಿ ಸುಸ್ತಾದೆ. ಸಂದರ್ಶನಕ್ಕೆ ಕರೆದ ಒಂದೇ ಒಂದು ಕಡೆ, ಹಾಲನ್ನು ಮೂಸಿ ನೋಡುತ್ತಿದ್ದೆ ಎಂದಾಗ ಆ ತರುಣ ಅಧಿಕಾರಿ ನಕ್ಕ. ಕೆಟ್ಟ ನಗುವೇನಲ್ಲ, ತಡೆಯಲಾಗದೆ ಬಂದದ್ದು. ಆದರೂ ಅಂದು ಬಸ್ಸಿನಲ್ಲಿ ಮನೆಯವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.

ಪಬ್ಬಿನ ಕೆಲಸ ಸಿಕ್ಕಿದ್ದು ಗ್ರಂಥಾಲಯದ ಗೋಡೆಗೆ ಅಂಟಿಸಿದ ಚೀಟಿಯಿಂದ. ‘ಬೆಳಗಿನ ಹೊತ್ತು ಅಡುಗೆಮನೆಗೆ ಸಹಾಯಕರು ಬೇಕು’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಸ್ಟ್ರೀಟ್ಸ್‌ವಿಲ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಇಪ್ಪತ್ತೈದು ನಿಮಿಷ. ಹೊಸ ಮನೆಗಳ ಸಾಲು ಮುಗಿದು ಮೆಕ್ಕೆಜೋಳದ ಹೊಲ ಶುರುವಾಗುವ ಕಡೆ, ಎರಡು ರಸ್ತೆ ಕೂಡುವಲ್ಲಿ ಒಂದು ಚರ್ಚು, ಒಂದು ಟ್ರ್ಯಾಕ್ಟರ್ ರಿಪೇರಿ ಅಂಗಡಿ, ಈ ಪಬ್ಬು. ಕೆಂಪು ಇಟ್ಟಿಗೆಯ ಹಳೆಯ ಮನೆ. ಒಳಗೆ ತಲೆಗೆ ತಾಗುವಷ್ಟು ತಗ್ಗಿನ ತೊಲೆಗಳು, ಕಟ್ಟಿಗೆ ಉರಿಸುವ ಒಲೆ, ಕೂತು ಕೂತು ನುಣುಪಾದ ಬೆಂಚುಗಳು. ಟಿವಿ ಇಲ್ಲ. ಕೌಂಟರಿನ ಮೇಲೆ ಮೂರು ಉದ್ದ ಹಿಡಿಕೆಯ ಕೈಪಂಪುಗಳು. ಅವುಗಳ ಹಿಂದಿನ ಗೋಡೆಯ ತುಂಬ ಗಾಜು ಹಾಕಿದ ಪ್ರಶಸ್ತಿ ಪತ್ರಗಳು. ಸಾಲಿನ ಕೊನೆಯಲ್ಲಿ ಮೊಳೆ ಮಾತ್ರ ಇದ್ದ ಜಾಗಗಳನ್ನು ನಾನು ಮೊದಲ ದಿನವೇ ನೋಡಿದೆ. ಕೊನೆಯ ಪ್ರಶಸ್ತಿ ಬಂದು ಎರಡು ವರ್ಷವಾಗಿತ್ತು.

ನಡೆಸುತ್ತಿದ್ದವರು ಗಂಡಹೆಂಡತಿ. ಮದುವೆಯಾದ ಹೊಸದರಲ್ಲೇ ಇಂಗ್ಲೆಂಡಿನಿಂದ ಬಂದವರು, ಇಬ್ಬರಿಗೂ ಎಪ್ಪತ್ತು ದಾಟಿತ್ತು. ಯಜಮಾನಿ ಅಡುಗೆಮನೆ ಮತ್ತು ಮುಂಗಟ್ಟು ನೋಡಿಕೊಳ್ಳುತ್ತಿದ್ದರು, ಯಜಮಾನರು ನೆಲಮಾಳಿಗೆ. ಯಜಮಾನಿ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ.

“ಮಾಂಸ ಮುಟ್ಟುತ್ತೀಯಾ?”

“ಇಲ್ಲ.”

“ಹಾಗಿದ್ದರೆ ಆಲೂಗಡ್ಡೆ, ಸೂಪು, ಹಿಟ್ಟು ನಿನಗೆ. ಉಳಿದದ್ದು ನನಗೆ. ಕಾರು ಇದೆಯಾ?”

“ಇಲ್ಲ.”

“ನಾನು ನಿಮ್ಮ ಕಡೆಯಿಂದಲೇ ತರಕಾರಿ ತರುತ್ತೇನೆ. ಏಳು ಗಂಟೆಗೆ ನಿಮ್ಮ ಮನೆಯ ಮುಂದೆ ನಿಂತಿರು.”

ಎರಡೂ ‘ಇಲ್ಲ’ಗಳಿಗೆ ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಮರುದಿನ ಬೆಳಿಗ್ಗೆಯಿಂದ ಎರಡು ವರ್ಷ ಅವರು ನನ್ನನ್ನು ಕರೆದುಕೊಂಡು ಹೋದರು, ಹಿಮ ಬಿದ್ದ ದಿನಗಳಲ್ಲೂ.

ಮನೆಯಲ್ಲಿ ಅತ್ತೆಗೆ ಹೇಳಿದ್ದು ‘ಊರಾಚೆ ಒಂದು ಹೋಟೆಲ್’ ಎಂದು. ಸುಳ್ಳು ಹೇಳಲು ಕಾರಣವಿತ್ತು. ಅತ್ತೆ ತಮ್ಮ ತಮ್ಮನನ್ನು ತಾಯಿ ಸತ್ತ ಮೇಲೆ ಕಂಕುಳಲ್ಲಿ ಹೊತ್ತು ಸಾಕಿದವರು. ಅವನು ಹುಬ್ಬಳ್ಳಿಯ ಶೆರೆ ಅಂಗಡಿಗಳಲ್ಲಿ ಕುಡಿದೂ ಕುಡಿದೂ ಮೂವತ್ತಾರನೇ ವಯಸ್ಸಿಗೆ ಸತ್ತ. ಆಮೇಲೆ ಅವನ ಹೆಸರನ್ನು ಅವರು ಎತ್ತಿದ್ದು ನಾನು ಕೇಳಿಲ್ಲ. ಮದುವೆಮನೆಯಲ್ಲಿ ಯಾರಾದರೂ ಕುಡಿದು ಬಂದರೆ ಊಟ ಬಿಟ್ಟು ಏಳುತ್ತಿದ್ದರು. ನನ್ನ ಗಂಡ ಇದನ್ನೆಲ್ಲ ನೆನಪಿಸಿ, “ಅವ್ವಗ ಹೋಟೆಲ್ ಅಂತನ ಹೇಳೂಣು. ನೀ ಮಾಡೂದು ಪಲ್ಯ, ಸೂಪು. ಅದರಾಗ ಸುಳ್ಳೇನೈತಿ?” ಎಂದ. ಸುಳ್ಳಿತ್ತು. ಇಬ್ಬರಿಗೂ ಗೊತ್ತಿತ್ತು.

ನೆಲಮಾಳಿಗೆಯ ಬಾಗಿಲು ನಾನು ಆಲೂಗಡ್ಡೆ ಸುಲಿಯುವ ಮೇಜಿನ ಪಕ್ಕದಲ್ಲೇ ಇತ್ತು. ದಿನಾ ಒಂಬತ್ತಕ್ಕೆ ಯಜಮಾನರು ಇಳಿದು ಹೋಗಿ, ಗಾಜಿನ ಲೋಟದಲ್ಲಿ ಮೂರು ಬೆರಳಿನಷ್ಟು ಏಲ್, ಅಂದರೆ ಹಳೆಯ ಪದ್ಧತಿಯ ಬಿಯರ್, ಹಿಡಿದುಕೊಂಡು ಮೇಲೆ ಬರುತ್ತಿದ್ದರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಒಂದು ಗುಟುಕು ಕುಡಿದು ತಲೆಯಾಡಿಸಿದರೆ ಆ ಪೀಪಾಯಿ ಆ ದಿನದ ಮಾರಾಟಕ್ಕೆ ಸಿದ್ಧ. ಅವರು ಮಾರುತ್ತಿದ್ದದ್ದು ಕಾರ್ಖಾನೆಯಲ್ಲಿ ಸೋಸಿ, ಗ್ಯಾಸು ತುಂಬಿ ಕಳಿಸುವ ಬಿಯರ್ ಅಲ್ಲ. ರಿಯಲ್ ಏಲ್ ಪೀಪಾಯಿಯೊಳಗೆ ಇನ್ನೂ ಹುದುಗುತ್ತಲೇ ಇರುತ್ತದೆ. ಬಂದ ಪೀಪಾಯಿಯನ್ನು ಅಡ್ಡಡ್ಡ ಮಲಗಿಸಿ, ಕದಲದಂತೆ ಬೆಣೆ ಕೊಟ್ಟು, ಮೇಲಿನ ತೂತಿನಲ್ಲಿ ಮೆತ್ತನೆಯ ಕಟ್ಟಿಗೆ ಸಿಕ್ಕಿಸಿ ಉಸಿರಾಡಲು ಬಿಡಬೇಕು. ಎರಡು ಮೂರು ದಿನದಲ್ಲಿ ಗಸಿ ತಳಕ್ಕಿಳಿಯುತ್ತದೆ. ತೆರೆದ ಮೇಲೆ ಅದಕ್ಕಿರುವ ಆಯುಷ್ಯವೂ ಮೂರು ನಾಲ್ಕು ದಿನವೇ. ಅಷ್ಟರೊಳಗೆ ಯಾವ ಗಳಿಗೆಯಲ್ಲಿ ಅದು ಹದವಾಗಿದೆ, ಯಾವ ಗಳಿಗೆಯಲ್ಲಿ ಕೆಡಲು ಶುರುವಾಗಿದೆ ಎಂದು ಹೇಳುವ ಯಂತ್ರ ಆ ಮನೆಯಲ್ಲಿರಲಿಲ್ಲ. ಯಜಮಾನರೇ ಇದ್ದರು.

ನಾನು ಸೇರಿ ಎರಡು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಅವರು ಲೋಟ ಹಿಡಿದು ಮೇಲೆ ಬಂದಾಗ ಫೋನು ಹೊಡೆದುಕೊಂಡಿತು. ಲೋಟವನ್ನು ನನ್ನ ಮೇಜಿನ ಮೇಲಿಟ್ಟು ಮಾತಾಡಲು ಹೋದರು. ನಾನು ಮೂಸಬೇಕೆಂದು ಮೂಸಿದ್ದಲ್ಲ. ಆ ವಾಸನೆ ತಾನಾಗಿಯೇ ಬಂದು ತಾಕಿತು: ಹಳೆಯ ಬೆಣ್ಣೆಯನ್ನು ತುಪ್ಪಕ್ಕೆ ಕಾಸಲು ಇಟ್ಟಾಗ ಮೊದಲು ಏಳುವ ಜಿಡ್ಡು ವಾಸನೆ. ಡೇರಿಯಲ್ಲಿ ಅದಕ್ಕೊಂದು ರಾಸಾಯನಿಕ ಹೆಸರೇ ಇತ್ತು. ಮಜ್ಜಿಗೆಯಲ್ಲಿ ಅದು ಒಳ್ಳೆಯದು, ಹಾಲಿನಲ್ಲಿ ಕೆಟ್ಟದ್ದು. ಇಲ್ಲಿ?

ಅವರು ಬಂದಾಗ ಕೇಳಿಬಿಟ್ಟೆ. “ಇದರಲ್ಲಿ ಬೆಣ್ಣೆಯ ವಾಸನೆ ಬರುತ್ತಿದೆ. ಹೀಗೆಯೇ ಇರಬೇಕಾ?”

ಅವರ ಮುಖ ಕೆಂಪಾಯಿತು. “ನಲವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ,” ಎಂದರು. “ನೀನು ಕುಡಿಯುವವಳೂ ಅಲ್ಲ.” ಲೋಟ ಖಾಲಿ ಮಾಡಿ ಕಿಚನ್ನಿನ ಸಿಂಕಿನಲ್ಲಿಟ್ಟು ಹೋದರು.

ನಾನು ಆಲೂಗಡ್ಡೆಯ ಕಡೆ ತಿರುಗಿದೆ. ಬಾಯಿ ಬಿಟ್ಟಿದ್ದಕ್ಕೆ ನನ್ನನ್ನೇ ಬೈದುಕೊಂಡೆ. ಆ ಮಧ್ಯಾಹ್ನ ಹಳೆಯ ಗಿರಾಕಿಯೊಬ್ಬರು ತಮ್ಮ ಲೋಟವನ್ನು ಮೆಲ್ಲಗೆ ಕೌಂಟರಿಗೆ ವಾಪಸ್ ತಳ್ಳಿದರಂತೆ. ಇನ್ನೊಬ್ಬರು ಅರ್ಧ ಬಿಟ್ಟು ಎದ್ದರಂತೆ. ಮರುದಿನ ಯಜಮಾನರು ಮೇಲೆ ಬರಲಿಲ್ಲ. ಕೆಳಗಿನಿಂದಲೇ ನನ್ನನ್ನು ಕರೆದರು.

ನೆಲಮಾಳಿಗೆಗೆ ಇಳಿದದ್ದು ಅದೇ ಮೊದಲು. ಕಲ್ಲಿನ ಗೋಡೆ, ತಣ್ಣಗಿನ ಗಾಳಿ, ಮಲಗಿದ ಆರು ಪೀಪಾಯಿ. ಅವರು ಒಂದು ಮರದ ಪೆಟ್ಟಿಗೆಯ ಮೇಲೆ ಕೂತಿದ್ದರು.

“ಇಲ್ಲಿ ನಿನಗೆ ಏನೇನು ವಾಸನೆ ಬರುತ್ತಿದೆ, ಹೇಳು.”

ನಾನು ಕಣ್ಣು ಮುಚ್ಚಿಕೊಂಡೆ. ಒದ್ದೆ ಕಲ್ಲು ಎಂದೆ. ಹಸಿ ಕಟ್ಟಿಗೆ. ಕೊನೆಯ ಪೀಪಾಯಿಯಿಂದ ಹುರಿದ ಗೋದಿ, ಚೆನ್ನಾಗಿದೆ. ಈ ಎರಡನೆಯದರಲ್ಲಿ ನಿನ್ನೆಯ ಬೆಣ್ಣೆ. ಆ ಮೂಲೆಯ ಪೈಪಿನಲ್ಲಿ ಹುಳಿ ಕಟ್ಟಿದೆ, ತೊಳೆಯಬೇಕು. ಮತ್ತೆ ನಿಮ್ಮ ಕೋಟಿನಲ್ಲಿ ನಾಯಿ.

ಅವರು ನಕ್ಕರು. ನಗು ಮುಗಿದ ಮೇಲೂ ಭುಜ ಅಲುಗುತ್ತಲೇ ಇತ್ತು. ಅಳುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

“ನನಗೆ ಏನೂ ಬರುವುದಿಲ್ಲ,” ಎಂದರು. “ಕೋವಿಡ್ ಬಂದು ಹೋದಾಗಿನಿಂದ. ಹದಿನಾಲ್ಕು ತಿಂಗಳು. ಬಣ್ಣ ನೋಡಿ, ನಾಲಿಗೆಯ ಮೇಲೆ ಕಹಿಯೋ ಹುಳಿಯೋ ಇಷ್ಟು ನೋಡಿ, ಉಳಿದದ್ದು ಅಂದಾಜಿನ ಮೇಲೆ ನಡೆಸುತ್ತಿದ್ದೇನೆ.”

“ಅಮ್ಮಾವರಿಗೆ ಗೊತ್ತಾ?”

“ವಾಸನೆ ವಾಪಸ್ ಬಂತು ಎಂದು ಹೇಳಿದ್ದೇನೆ. ಇಲ್ಲವೆಂದರೆ ಅವಳು ಪಬ್ಬು ಮಾರೋಣ ಎನ್ನುತ್ತಾಳೆ.”

ನಾನು ಅವರಿಗೆ ಎರಡು ಮಾತು ಹೇಳಿದೆ. ಒಂದು, ದಿನಾ ಬೆಳಿಗ್ಗೆ ಕೆಳಗೆ ಬಂದು ಮೂಸಿ ನೋಡಿ ಹೇಳುತ್ತೇನೆ. ಎರಡು, ಹೆಂಡತಿಗೆ ನಿಜ ನೀವೇ ಹೇಳಬೇಕು. ಎರಡನೆಯದನ್ನು ಹೇಳುವಾಗ ನನ್ನ ಧ್ವನಿ ಗಟ್ಟಿಯಾಗಿಯೇ ಇತ್ತು. ಮನೆಯಲ್ಲಿ ಅತ್ತೆಯಿಂದ ನಾನು ಮುಚ್ಚಿಟ್ಟದ್ದು ಆ ಹೊತ್ತಿಗೆ ನೆನಪಿಗೇ ಬರಲಿಲ್ಲ. ರಾತ್ರಿ ಅತ್ತೆಗೆ ಊಟ ಬಡಿಸುವಾಗ ಬಂತು.

ಯಜಮಾನರು ಹೇಳಲು ಮೂರು ವಾರ ತೆಗೆದುಕೊಂಡರು. ಒಂದು ಸೋಮವಾರ, ಪಬ್ಬಿಗೆ ರಜೆಯ ದಿನ, ನಾವು ಮೂವರೇ ಇದ್ದಾಗ ಅಡುಗೆಮನೆಗೆ ಬಂದು ಹೆಂಡತಿಯ ಮುಂದೆ ನಿಂತು ಹೇಳಿದರು. ಯಜಮಾನಿ ಪೈ ಹಿಟ್ಟು ಲಟ್ಟಿಸುತ್ತಿದ್ದರು. ನಿಲ್ಲಿಸಲಿಲ್ಲ.

“ನನಗೆ ಗೊತ್ತಿತ್ತು,” ಎಂದರು. “ಕಳೆದ ಚಳಿಗಾಲ ನಿನ್ನ ಪಕ್ಕದಲ್ಲೇ ಬ್ರೆಡ್ಡು ಹೊಗೆಯೆದ್ದು ಕರಕಾದರೂ ನೀನು ಪೇಪರಿನಿಂದ ತಲೆಯೆತ್ತಲಿಲ್ಲ. ನೀನೇ ಹೇಳಲಿ ಎಂದು ಕಾದೆ.”

ಅವರಿಬ್ಬರನ್ನೂ ಅಲ್ಲಿಯೇ ಬಿಟ್ಟು ನಾನು ಹಿತ್ತಲಿಗೆ ಹೋಗಿ ಕಸದ ಚೀಲ ಹಾಕಿ, ಹಾಕಲು ಇನ್ನೇನೂ ಇಲ್ಲದಿದ್ದರೂ ಅಲ್ಲೇ ನಿಂತಿದ್ದೆ.

ಅಲ್ಲಿಂದ ನನ್ನ ನಿಜವಾದ ಕಲಿಕೆ ಶುರುವಾಯಿತು. ಯಜಮಾನರು ಒಳ್ಳೆಯ ಮೇಷ್ಟ್ರು. ಬೆಣೆ ಹೊಡೆಯುವ ಪೆಟ್ಟು, ನಲ್ಲಿ ಜಡಿಯುವ ಪೆಟ್ಟು ಎರಡನ್ನೂ ಕೈ ಹಿಡಿದು ಕಲಿಸಿದರು. ಮೊದಲ ಸಲ ನಲ್ಲಿ ಜಡಿದಾಗ ಅರ್ಧ ಬಕೆಟ್ಟಿನಷ್ಟು ಏಲ್ ನನ್ನ ಮೈಮೇಲೆ ಚಿಮ್ಮಿತು. ಅಂದು ಯಜಮಾನಿಯ ಅಂಗಿ ತೊಟ್ಟು ಮನೆಗೆ ಹೋದೆ, ಸೂಪು ಚೆಲ್ಲಿತು ಎಂದು ಅತ್ತೆಗೆ ಮತ್ತೊಂದು ಸುಳ್ಳು ಹೇಳಿದೆ. ರುಚಿ ನೋಡುವುದು ಡೇರಿಯ ಪದ್ಧತಿಯಲ್ಲೇ: ಒಂದು ಗುಟುಕು ಬಾಯಲ್ಲಿ ಆಡಿಸಿ, ಉಗುಳಿ, ಉಗುರುಬೆಚ್ಚಗಿನ ನೀರಿನಲ್ಲಿ ಮುಕ್ಕಳಿಸುವುದು. ಒಮ್ಮೆ ಮಾತ್ರ ಬಾಯಲ್ಲಿದ್ದಾಗಲೇ ಸೀನು ಬಂದು ನುಂಗಿಬಿಟ್ಟೆ. ನಾನು ಗಾಬರಿಯಾಗಿ ನಿಂತಿದ್ದನ್ನು ಕಂಡು ಯಜಮಾನರು ಪೆಟ್ಟಿಗೆಯ ಮೇಲಿಂದ ಬೀಳುವಷ್ಟು ನಕ್ಕರು. “ಹೇಗಿತ್ತು?” ಎಂದರು. ಕಹಿ, ಎಂದೆ. ಆಮೇಲೆ ಸ್ವಲ್ಪ ಬೆಲ್ಲ.

ಇನ್ನೊಂದು ಸಂಗತಿಯನ್ನು ನಾನು ಮರೆಯಲಾರೆ. ಏಲ್ ಬೇಗ ತಿಳಿಯಾಗಲೆಂದು ಪೀಪಾಯಿಗೆ ಒಂದು ಅಂಟು ದ್ರವ ಸೇರಿಸಿರುತ್ತಾರೆ. ಅದೇನು ಎಂದು ಕೇಳಿದಾಗ ಯಜಮಾನರು ಸಹಜವಾಗಿ, ಮೀನಿನ ಹೊಟ್ಟೆಯ ಗಾಳಿಚೀಲದಿಂದ ಮಾಡುವಂಥದ್ದು ಎಂದರು. ನಾನು ಲೋಟ ಕೆಳಗಿಟ್ಟು ನಾಲ್ಕು ಸಲ ಬಾಯಿ ಮುಕ್ಕಳಿಸಿದ್ದನ್ನು ಅವರು ನೋಡಿದರು. ಮರುವಾರ ಬಂದ ಪೀಪಾಯಿಗಳ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿತ್ತು. ಏಲ್ ಮಾಡುವವನಿಗೆ ಫೋನು ಮಾಡಿ, ಆ ಅಂಟು ಹಾಕದೆ ಕಳಿಸು ಎಂದಿದ್ದರಂತೆ. ಹಾಗೆ ಬಂದದ್ದು ತಿಳಿಯಾಗಲು ಎರಡು ದಿನ ಹೆಚ್ಚು ಬೇಕು, ಕೆಲವೊಮ್ಮೆ ಕೊನೆಯವರೆಗೂ ಸ್ವಲ್ಪ ಮಬ್ಬು. ಗಿರಾಕಿಗಳು ಕೇಳಿದರೆ, “ನಮ್ಮ ನೆಲಮಾಳಿಗೆಯ ಪದ್ಧತಿ ಬದಲಾಗಿದೆ,” ಎನ್ನುತ್ತಿದ್ದರು. ನನಗಾಗಿ ಎಂದು ಒಂದು ಸಲವೂ ಹೇಳಲಿಲ್ಲ. ಏಲ್ ಮಾಡುವವನು ಬಾಯಿ ಬಿಟ್ಟಿದ್ದರಿಂದ ನನಗೆ ತಿಳಿಯಿತು.

ವಾಸನೆ ಕಳೆದುಕೊಂಡವರು ದಿನಾ ಗಾಢವಾದ ನಾಲ್ಕೈದು ಪದಾರ್ಥ ಮೂಸುತ್ತಿದ್ದರೆ ಕೆಲವರಿಗೆ ಅದು ಮರಳುತ್ತದೆ ಎಂದು ಅವರ ಡಾಕ್ಟರು ಹೇಳಿದ್ದರು. ಇವರು ಎರಡು ವಾರ ಮಾಡಿ ಬಿಟ್ಟಿದ್ದರು. ನಾನು ಮನೆಯಿಂದ ಸಣ್ಣ ಗಾಜಿನ ಶೀಶೆಗಳಲ್ಲಿ ಲವಂಗ, ಏಲಕ್ಕಿ, ಇಂಗು, ಒಣಶುಂಠಿ ತುಂಬಿಕೊಂಡು ಹೋದೆ. ಲವಂಗದ ಡಬ್ಬಿ ಬೇಗ ಬೇಗ ಖಾಲಿಯಾಗುವುದನ್ನು ಅತ್ತೆ ಗಮನಿಸಿದರು.

“ಏನವಾ, ಲವಂಗ ಯಾರು ತಿನ್ನಾಕತ್ಯಾರ?”

“ಕೆಲಸದ ಮನ್ಯಾಗ ಒಬ್ರು ಅಜ್ಜಾರ ಅದಾರ್ರಿ ಅತ್ತಿ. ಜಡ್ಡು ಬಂದು ಮೂಗಿನ ವಾಸನಿ ಹೋಗೈತಿ. ಅವ್ರಿಗೆ ಮೂಸಾಕ ಒಯ್ತೀನಿ.”

ಅತ್ತೆ ಲೊಚಗುಟ್ಟಿ, “ಪಾಪ! ಉಂಡದ್ದು ಗೊತ್ತಾಗಂಗಿಲ್ಲ ಹಂಗಾದ್ರ,” ಎಂದರು. ಅಂದಿನಿಂದ ಶೀಶೆ ತುಂಬುವ ಕೆಲಸ ಅವರದಾಯಿತು. ಪ್ರತಿ ಸೋಮವಾರ ಹಳೆಯದನ್ನು ಚೆಲ್ಲಿ, ಲವಂಗವನ್ನು ಕುಟ್ಟಾಣಿಯಲ್ಲಿ ಆಗತಾನೇ ಜಜ್ಜಿ ತುಂಬಿಡುವರು. ಊರಿಂದ ತಂದ ಗಟ್ಟಿ ಇಂಗಿನ ಉಂಡೆಯನ್ನು ನಮಗೂ ಲೆಕ್ಕ ಹಾಕಿ ಕೊಡುತ್ತಿದ್ದವರು ಆ ಮುದುಕನಿಗಾಗಿ ಧಾರಾಳವಾಗಿ ಮುರಿದರು. “ಅಜ್ಜಗ ಏನರ ಬಂತೇನು?” ಎಂದು ವಾರ ವಾರವೂ ಕೇಳುವರು. ಇನ್ನೂ ಇಲ್ಲ ಎಂದರೆ ಮುಖ ಸಣ್ಣದು ಮಾಡಿಕೊಳ್ಳುವರು. ಆ ಮುಖ ನೋಡಿದಾಗಲೆಲ್ಲ ನನಗೆ ನಿಜ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಹೇಳಲಿಲ್ಲ.

ಆ ವರ್ಷದ ಎಲೆ ಉದುರುವ ಕಾಲದಲ್ಲಿ ಪತ್ರ ಬಂತು. ರಿಯಲ್ ಏಲ್ ಪ್ರಿಯರ ಒಂದು ಸಂಘದವರು ಹೇಳದೇ ಕೇಳದೇ ಬಂದು, ಎಲ್ಲರಂತೆ ಕೂತು ಕುಡಿದು, ಅಂಕ ಹಾಕಿ ಹೋಗುತ್ತಾರಂತೆ. ನಾಲ್ಕು ಸಲ ಬಂದಿದ್ದರಂತೆ. ನಮಗೆ ಗೊತ್ತೇ ಆಗಿರಲಿಲ್ಲ. ಆ ವರ್ಷದ ಅತ್ಯುತ್ತಮ ಹಳ್ಳಿ ಪಬ್ಬು ಎಂಬ ಗೌರವ ಈ ಮನೆಗೆ ಎಂದು ಬರೆದಿತ್ತು. ಯಜಮಾನಿ ಪತ್ರವನ್ನು ಎರಡು ಸಲ ಓದಿ, ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು, ಸಂಜೆಯವರೆಗೂ ಅಲ್ಲೇ ಇಟ್ಟುಕೊಂಡಿದ್ದರು.

ಭಾನುವಾರ ಮಧ್ಯಾಹ್ನ ಪಬ್ಬಿನಲ್ಲೇ ಸಣ್ಣ ಸಮಾರಂಭ. ನನ್ನನ್ನೂ ಕರೆದಿದ್ದರು. ಕೆಲಸವಿದೆ ಎಂದು ಮನೆಯಲ್ಲಿ ಹೇಳಿ ಹೋದೆ. ಸುತ್ತಲಿನ ರೈತರು, ಟ್ರ್ಯಾಕ್ಟರ್ ಅಂಗಡಿಯವನು, ಚರ್ಚಿನ ಪಾದ್ರಿ ಎಲ್ಲ ನೆರೆದಿದ್ದರು. ಸಂಘದವರು ಚೌಕಟ್ಟು ಹಾಕಿದ ಪತ್ರವನ್ನು ಕೊಟ್ಟಾಗ ಯಜಮಾನರು ಅದನ್ನು ತೆಗೆದುಕೊಳ್ಳದೆ ಒಂದು ಹೆಜ್ಜೆ ಹಿಂದೆ ಸರಿದರು.

“ಹೇಳುವುದು ಒಂದಿದೆ,” ಎಂದರು. “ಎರಡು ವರ್ಷದಿಂದ ನನಗೆ ವಾಸನೆಯೇ ಬರುವುದಿಲ್ಲ. ನೀವು ಕುಡಿದು ಮೆಚ್ಚಿದ ಪ್ರತಿಯೊಂದು ಪೀಪಾಯಿಯನ್ನು ಪಾಸು ಮಾಡಿದ್ದು ಈಕೆಯ ಮೂಗು. ಈಕೆ ಕುಡಿಯುವುದಿಲ್ಲ. ಒಮ್ಮೆ ಮಾತ್ರ, ಅದೂ ಸೀನು ಬಂದು.”

ಜನ ನಕ್ಕರು, ಚಪ್ಪಾಳೆ ಹೊಡೆದರು. ತನ್ನ ಕಸುಬಿನ ಜನರೆದುರು ಆ ಮಾತು ಹೇಳಲು ಆ ಮನುಷ್ಯನಿಗೆ ಎಷ್ಟು ಕಷ್ಟವಾಗಿತ್ತು ಎಂದು ನನಗೂ ಯಜಮಾನಿಗೂ ಮಾತ್ರ ಗೊತ್ತಿತ್ತು. ಹೇಳದೇ ಇರಬಹುದಿತ್ತು. ನಾನೇನೂ ಕೇಳುತ್ತಿರಲಿಲ್ಲ. ಪತ್ರವನ್ನು ನನ್ನ ಕೈಗೆ ಕೊಡಿಸಿದರು. ಯಾರೋ ಫೋಟೋ ತೆಗೆದರು.

ಆ ಫೋಟೋ ಮನೆಮನೆಗೆ ಬಿಟ್ಟಿಯಾಗಿ ಹಾಕುವ ವಾರಪತ್ರಿಕೆಯಲ್ಲಿ ಬಂತು. ನಾನು ಕೆಲಸದಿಂದ ಬರುವಷ್ಟರಲ್ಲಿ ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಕ್ಷರ ಓದಲು ಬಾರದು, ಸೊಸೆಯ ಮುಖ ಗುರುತು ಹತ್ತದೆ ಇರುತ್ತದೆಯೇ? ಮಗಳು ಶಾಲೆಯಿಂದ ಬಂದವಳು ಖುಷಿಯಿಂದ ಎಲ್ಲ ಓದಿ ಹೇಳಿಬಿಟ್ಟಿದ್ದಳು.

“ಅಜ್ಜೀ, ಇಟ್ಸ್ ಎ ಪಬ್. ಲೈಕ್, ಎ ಬಾರ್. ಅಮ್ಮ ವನ್ ಇಟ್!”

ಅತ್ತೆ ನನ್ನನ್ನು ನೋಡಿ ಕೇಳಿದ್ದು ಒಂದೇ. “ಅಂದ್ರ ನಾ ಇಷ್ಟು ದಿನ ಶೆರೆ ಅಂಗಡಿ ಮುದುಕಗ ಲವಂಗ ಜಜ್ಜಿ ಕಳಸಿದ್ನ್ಯಾ?”

ಉತ್ತರಕ್ಕೆ ಕಾಯದೆ ತಮ್ಮ ಕೋಣೆಗೆ ಹೋದರು. ನಾಲ್ಕು ದಿನ ನನ್ನ ಜೊತೆ ಮಾತಿಲ್ಲ. ಊಟ ಮಗಳ ಕೈಯಿಂದ ಹಾಕಿಸಿಕೊಂಡರು. ಸೋಮವಾರ ಶೀಶೆಗಳು ತೊಳೆದು ಬೋರಲು ಹಾಕಿದ್ದವು, ಖಾಲಿ.

ಐದನೆಯ ದಿನ ನಾನೇ ಅವರ ಕೋಣೆಗೆ ಹೋಗಿ ನೆಲದ ಮೇಲೆ ಕೂತೆ. ಗ್ರಂಥಾಲಯದ ಚೀಟಿಯಿಂದ ಹಿಡಿದು ಎಲ್ಲ ಹೇಳಿದೆ. ಅವರು ಕಿಟಕಿಯ ಕಡೆಗೇ ನೋಡುತ್ತ ಕೇಳಿದರು.

“ನೀ ಕುಡದೀ?”

“ಒಮ್ಮೆ ರೀ. ಸೀನು ಬಂದು ಗಂಟಲಾಗ ಇಳೀತು.”

ಅತ್ತೆ ನನ್ನ ಕಡೆ ತಿರುಗಿದರು. ಆಮೇಲೆ, “ಅಲ್ಲೆ ಸಾಕು ಅನ್ನವ್ರು ಯಾರರ ಅದಾರೇನು?” ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ.

“ನನ್ನ ತಮ್ಮಗ ಯಾವ ಅಂಗಡ್ಯಾಂವನೂ ಸಾಕು ಅನ್ನಲಿಲ್ಲವಾ. ಬಿದ್ರೂ ಹಾಕಿದ್ರು. ಅಲ್ಲೆ ಸಾಕು ಅಂತಾರೇನು, ಹೇಳು.”

ಆಗ ನಾನು ಕಣ್ಣಾರೆ ಕಂಡದ್ದನ್ನು ಹೇಳಿದೆ. ಹೆಂಡತಿ ತೀರಿಕೊಂಡ ಮೇಲೆ ದಿನಾ ಮಧ್ಯಾಹ್ನ ಬಂದು ಕೂರುತ್ತಿದ್ದ ಒಬ್ಬ ರೈತರಿದ್ದರು. ಎರಡನೆಯ ಲೋಟವಾದ ಮೇಲೆ ಮೂರನೆಯದಕ್ಕೆ ಕೈಯೆತ್ತಿದರೆ ಯಜಮಾನರು ಪಂಪಿನ ಬಳಿ ಹೋಗುತ್ತಲೇ ಇರಲಿಲ್ಲ. ನನ್ನ ಹತ್ತಿರ ಬಂದು ಒಂದು ಬಟ್ಟಲು ಸೂಪು ತೆಗೆದುಕೊಂಡು ಹೋಗಿ ಅವರ ಮುಂದಿಟ್ಟು, ಎದುರಿಗೆ ತಾವೂ ಕೂರುತ್ತಿದ್ದರು. ಆ ರೈತರ ಕಾರಿನ ಚಾವಿ ಯಜಮಾನಿಯ ಏಪ್ರನ್ನಿನಲ್ಲಿರುತ್ತಿತ್ತು. ನನ್ನನ್ನು ಮನೆಗೆ ಬಿಡಲು ಹೊರಟಾಗ ಅವರನ್ನೂ ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಅವರ ಹೊಲದ ಬಾಗಿಲಲ್ಲಿ ಇಳಿಸುತ್ತಿದ್ದೆವು. ಆ ರೈತ ಮೊದಮೊದಲು ಬೈಯುತ್ತಿದ್ದರು. ಈಗ ಮಧ್ಯಾಹ್ನ ಬರುವುದು ಸೂಪಿಗೇ.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಮೂವತ್ತು ವರ್ಷದಿಂದ ಬಾಯಿಗೆ ಬಾರದಿದ್ದ ತಮ್ಮನ ಹೆಸರನ್ನು ಹೇಳಿದರು. ಅವನು ಎಷ್ಟು ಚೆನ್ನಾಗಿ ಈಜುತ್ತಿದ್ದ ಎಂದು ಹೇಳಿದರು. ಆ ಸಂಜೆಯೆಲ್ಲ ಅವನ ಮಾತೇ. ಅವರೊಳಗೆ ಅವನು ಅಷ್ಟೊಂದು ಇದ್ದಾನೆ ಎಂದು ನನಗೆ ಗೊತ್ತಿರಲಿಲ್ಲ.

“ನಾ ಒಪ್ಪಿದ್ದೀನಂತ ತಿಳೀಬ್ಯಾಡ,” ಎಂದು ಕೊನೆಗೆ ಹೇಳಿದರು. ಮರುವಾರ ಶೀಶೆಗಳು ತುಂಬಿದ್ದವು.

ಡಿಸೆಂಬರಿನಲ್ಲಿ, ಅತ್ತೆಯೇ ಹೇಳಿದ್ದರಿಂದ, ಆ ದಂಪತಿಯನ್ನು ನಮ್ಮ ಮನೆಗೆ ಊಟಕ್ಕೆ ಕರೆದೆವು. ಯಜಮಾನಿ ಸೇಬಿನ ಪೈ ತಂದರು. ಯಜಮಾನರು ಟೈ ಕಟ್ಟಿಕೊಂಡು ಬಂದು, ನಮ್ಮ ಚಿಕ್ಕ ಸೋಫಾದಲ್ಲಿ ಮೊಣಕಾಲು ಜೋಡಿಸಿ ಕೂತರು. ಅತ್ತೆಗೆ ಇಂಗ್ಲಿಷ್ ಬಾರದು. ಆದರೂ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಮಾತಾಡಿದರು, ಮಗಳು ನಡುವೆ ನಿಂತು ಅತ್ತ ಇತ್ತ ದಾಟಿಸಿದಳು. ಹೋಳಿಗೆಯ ಹಂಚು ಒಲೆಯ ಮೇಲಿತ್ತು. ನೆಗಡಿಯಾಗಿ ನನ್ನ ಮೂಗು ಆ ದಿನ ಕಟ್ಟಿತ್ತು. ಯಜಮಾನಿ ತಮ್ಮ ಮದುವೆಯ ಫೋಟೋ ತೋರಿಸುತ್ತಿದ್ದರಿಂದ ನಾನೂ ನನ್ನ ಗಂಡನೂ ಬಗ್ಗಿ ನೋಡುತ್ತಿದ್ದೆವು.

“ಏನೋ ಸುಡುತ್ತಿದೆಯಲ್ಲ?” ಎಂದರು ಯಜಮಾನರು.

ನಾನು “ಅಯ್ಯೋ” ಎಂದು ಅಡುಗೆಮನೆಗೆ ಓಡಿದೆ. ಹೋಳಿಗೆ ಒಂದು ಬದಿ ಕರ್ರಗಾಗಿತ್ತು. ಹಂಚು ಇಳಿಸಿ ಹೊರಕೋಣೆಯ ಕಡೆ ತಿರುಗಿದೆ. ಯಜಮಾನಿ ಬಾಯಿಗೆ ಕೈ ಅಡ್ಡ ಹಿಡಿದು ಗಂಡನನ್ನೇ ನೋಡುತ್ತಿದ್ದರು. ಯಜಮಾನರು ತಾವೇ ಆಡಿದ ಮಾತನ್ನು ನಂಬಲಾರದೆ ಎದ್ದು ನಿಂತಿದ್ದರು. ಆಮೇಲೆ ನಿಧಾನ ನಡೆದು ಅಡುಗೆಮನೆಗೆ ಬಂದು, ಆ ಸುಟ್ಟ ಹೋಳಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಖಕ್ಕೆ ಹಿಡಿದರು.

“ಬೆಲ್ಲ,” ಎಂದರು. ಆ ಶಬ್ದ ಅವರು ಕಲಿತದ್ದು ನೆಲಮಾಳಿಗೆಯಲ್ಲಿ, ನನ್ನಿಂದ. “ಸುಟ್ಟ ಬೆಲ್ಲ.”

ಅತ್ತೆ ಮಗಳನ್ನು ಕೇಳಿದರು, “ಏನಾತ? ಯಾಕ ಅಳತಾನಂವ?” ಮಗಳು ಆ ದಿನ ಕನ್ನಡದಲ್ಲೇ ಹೇಳಿದಳು: “ಅಜ್ಜೀ, ಅವ್ರಿಗೆ ವಾಸ್ನೆ ಬಂತು.” ಅತ್ತೆ ಬೇರೆ ಹೋಳಿಗೆ ಕೊಡು ಎಂದು ಎಷ್ಟು ಹೇಳಿದರೂ ಅವರು ಬಿಡಲಿಲ್ಲ, ಸುಟ್ಟದ್ದನ್ನೇ ತುಪ್ಪ ಹಚ್ಚಿಕೊಂಡು ಪೂರ್ತಿ ತಿಂದರು.

ಎಲ್ಲವೂ ಮರಳಲಿಲ್ಲ. ಹೊಗೆ, ಕಾಫಿ, ಇಂಗು ಅವರಿಗೆ ಈಗ ಬರುತ್ತವೆ. ಏಲ್‌ನ ಸೂಕ್ಷ್ಮಗಳು ಬರುವುದಿಲ್ಲ, ಇನ್ನು ಬರಲಿಕ್ಕಿಲ್ಲ ಎಂದು ಅವರೇ ಹೇಳುತ್ತಾರೆ. ಅದಕ್ಕಾಗಿ ಮುಖ ಬಾಡಿಸಿಕೊಂಡು ಕೂತಿಲ್ಲ. ನೆಲಮಾಳಿಗೆ ಈಗ ನನ್ನ ಸುಪರ್ದಿನಲ್ಲಿದೆ. ಆಲೂಗಡ್ಡೆಗೆ ಬೇರೆಯವರು ಬಂದಿದ್ದಾರೆ. ಸಂಘದವರಿಂದ ವಿಷಯ ತಿಳಿದು, ಸ್ಕಾರ್‌ಬರೋದಲ್ಲಿ ಏಲ್ ಮಾಡುವ ಒಬ್ಬಾಕೆ ವಾರಕ್ಕೊಂದು ದಿನ ತನ್ನ ಲ್ಯಾಬಿಗೆ ಬಂದು ಮೂಸಿ ಹೇಳು ಎಂದು ಕರೆದಳು. ಗುರುವಾರಗಳಂದು ರೈಲು, ಸಬ್‌ವೇ, ಬಸ್ಸು ಹಿಡಿದು ಹೋಗುತ್ತೇನೆ. ಮೊದಲ ದಿನ ಅವಳು ಬಿಳಿ ಕೋಟು ಕೊಟ್ಟಾಗ ಅದರ ಗುಂಡಿ ಹಾಕಿಕೊಳ್ಳಲು ನನ್ನ ಬೆರಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಡೇರಿಯ ಕೋಟು ಕಳಚಿ ಹನ್ನೊಂದು ವರ್ಷವಾಗಿತ್ತು.

ಈ ದೇಶದಲ್ಲಿ ನನಗೆ ಬಾಗಿಲು ತೆರೆದವರು ಯಾರು ಎಂದು ಯೋಚಿಸಿದರೆ ದೊಡ್ಡ ಕಚೇರಿಗಳು ನೆನಪಾಗುವುದಿಲ್ಲ. ಹಿಮದಲ್ಲಿ ಏಳು ಗಂಟೆಗೆ ಹಾರ್ನ್ ಮಾಡದೆ ಕಾಯುತ್ತಿದ್ದ ಒಂದು ಹಳೆಯ ಕಾರು ನೆನಪಾಗುತ್ತದೆ. ತನ್ನ ಹೆಮ್ಮೆಯನ್ನು ಜನರೆದುರು ಕೆಳಗಿಟ್ಟು ನನ್ನನ್ನು ಮುಂದೆ ನಿಲ್ಲಿಸಿದ ಒಬ್ಬ ಮುದುಕರು ನೆನಪಾಗುತ್ತಾರೆ.

ಅತ್ತೆ ಇಂದಿಗೂ ಆ ಪಬ್ಬಿನ ಒಳಗೆ ಕಾಲಿಟ್ಟಿಲ್ಲ. ನಾನೂ ಕರೆಯುವುದಿಲ್ಲ. ಕಳೆದ ಯುಗಾದಿಗೆ ರಿಚ್ಮಂಡ್ ಹಿಲ್‌ನ ದೇವಸ್ಥಾನಕ್ಕೆ ಹೋಗಿದ್ದೆವು. ಪ್ರಸಾದದ ಸಾಲಿನಲ್ಲಿ ಬೆಂಗಳೂರಿನ ಕಡೆಯ ಒಬ್ಬ ಮಹಿಳೆ ಪರಿಚಯ ಮಾಡಿಕೊಂಡರು. ಗಂಡಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದವರು.

“ನೀವೇನ್ ವರ್ಕ್ ಮಾಡ್ತಿದೀರಾ?” ಎಂದು ಕೇಳಿದರು.

ನಾನು ಅತ್ತೆಯ ಕಡೆ ನೋಡಲಿಲ್ಲ. “ಒಂದು ಹಳ್ಳಿ ಪಬ್ಬಲ್ಲಿದೀನಿ. ನೆಲಮಾಳಿಗೇಲಿ ಏಲ್ ನೋಡ್ಕೋತೀನಿ.”

ಅವರ ನಗು ಅರ್ಧಕ್ಕೆ ನಿಂತಿತು. “ಓ… ಓಕೆ,” ಎಂದರು. ಕೈಯಲ್ಲಿದ್ದ ತಟ್ಟೆಯನ್ನು ತಿರುಗಿಸಿದರು.

ನನ್ನ ಹಿಂದೆ ನಿಂತಿದ್ದ ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

“ಅಕಿಗೆ ಬಹುಮಾನ ಬಂದೈತ್ರಿ. ಪೇಪರಿನ್ಯಾಗ ಫೋಟೋ ಹಾಕಿದ್ರು,” ಎಂದರು. ಆಮೇಲೆ ಸಾಲು ಮುಂದೆ ಸರಿದದ್ದನ್ನು ನೋಡಿ, “ನಡೀರಿ, ಪುಳಿಯೋಗರಿ ಖಾಲಿ ಆಗಾಕತ್ತೈತಿ,” ಎಂದು ಇಬ್ಬರನ್ನೂ ತಳ್ಳಿದರು.